ಬಂದವರಿಗೆ ಬೆಲ್ಲ, ನೀರು

“ಒಂಬತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದವನು ನನಗೆ ಪ್ರೊಟೊಕಾಲ್ ಕಲಿಸುದು ಬೇಡ.”

ದುಬೈಯ ಊರವರ ಬಳಗದ ಅಧ್ಯಕ್ಷ ತಿಲಕ್ ಮೈಕ್ ಪರೀಕ್ಷೆ ಮಾಡುತ್ತಿದ್ದ. ಅದನ್ನು ಆಫ್ ಮಾಡದೆಯೇ ಈ ಮಾತು ಹೇಳಿದ್ದರಿಂದ, ಅಲ್ ಮುರಕ್ಕಬಾತಿನ ಆ ಹೋಟೆಲಿನ ಪಾರ್ಟಿ ಹಾಲಿನ ಎರಡೂ ಸ್ಪೀಕರುಗಳಿಂದ ಅದು ದೊಡ್ಡದಾಗಿ ಹೊರಗೆ ಬಂತು. ಮಲ್ಲಿಗೆ ಹಾರಗಳನ್ನು ಬಿಡಿಸಿಡುತ್ತಿದ್ದ ಹೆಂಗಸರ ಕೈ ನಿಂತಿತು. ಬ್ಯಾನರಿನ ಹಗ್ಗ ಎಳೆಯುತ್ತಿದ್ದವರು ಏಣಿಯ ಮೇಲಿಂದಲೇ ತಿರುಗಿ ನೋಡಿದರು. ಮೂವತ್ತು ಜನ ಇದ್ದರು. ಎಲ್ಲರಿಗೂ ಕೇಳಿಸಿತು, ಯಾರೂ ಕೇಳಿಸಿಕೊಳ್ಳಲಿಲ್ಲ.

ಕೀರ್ತನ್ ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ನಿಂತಿದ್ದ. ಅದರೊಳಗೆ ಆಸ್ಪತ್ರೆಯ ಕಾಗದ, ಪೊಲೀಸರ ಕಾಗದ, ಕಾನ್ಸುಲೇಟಿನ ಕಾಗದ. ಗುಣಪಾಲ ಎಂಬ ಐವತ್ತೆಂಟು ವರ್ಷದ ಸ್ಟೋರ್ ಕೀಪರ್ ಗುರುವಾರ ಬೆಳಿಗ್ಗೆ ಅಲ್ ಕುಸೈಸಿನ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ ಎನ್ನುವುದಕ್ಕೆ ಅಷ್ಟು ಕಾಗದ ಬೇಕಾಗಿತ್ತು. ಎರಡು ದಿನ ಓಡಾಡಿ ಅವನ್ನು ಒಟ್ಟು ಮಾಡಿ, ಅಂಗಿಯನ್ನೂ ಬದಲಿಸದೆ ಕೀರ್ತನ್ ಇಲ್ಲಿಗೆ ಬಂದಿದ್ದ. ಅವನು ಕೇಳಿದ್ದು ಒಂದೇ ಒಂದು.

“ಇಬ್ಬರಿಗೆ ಹೇಳಿ, ಸಾಕು,” ಅವನು ಮತ್ತೆ ಹೇಳಿದ. “ಲೋಯಿಕ್, ಮರಿವೋನ್. ಅವರಿಬ್ಬರು ಗುಣಣ್ಣನ ಜನ. ಹನ್ನೆರಡು ಗಂಟೆಗೆ ಸುಡ್ತಾರೆ. ಅದಕ್ಕಿಂತ ಮೊದಲು ಒಂದು ಸಲ ಮುಖ ನೋಡ್ಲಿ.”

“ಅವರು ಟೂರಿಗೆ ಬಂದದ್ದು, ಹೆಣ ನೋಡ್ಲಿಕ್ಕೆ ಅಲ್ಲ. ಒಬ್ಬ ಸ್ಟೋರ್ ಕೀಪರ್ ಸತ್ತ ಅಂತ ಫ್ರಾನ್ಸಿನವರನ್ನು ಸುಡುಗಾಡಿಗೆ ಕರ್ಕೊಂಡು ಹೋಗ್ಲಿಕ್ಕೆ ಆಗ್ತದಾ? ಕಾರ್ಯಕ್ರಮದ ಮರ್ಯಾದೆ ಎಂತ ಆಗ್ಬೇಕು? ನಿನ್ನೆಯೇ ಏರ್‌ಪೋರ್ಟಿನಲ್ಲಿ ಹೇಳಿ ಆಗಿದೆ ಅವರಿಗೆ. ಗುಣಪಾಲ ರಜೆಯಲ್ಲಿ ಊರಿಗೆ ಹೋಗಿದ್ದಾನೆ ಅಂತ. ಖಲಾಸ್.”

“ರಜೆಯಾ?” ಕೀರ್ತನನ ಸ್ವರ ಏರಿತು. “ಸತ್ತವನಿಗೆ ರಜೆ ಕೊಟ್ರಾ ತಿಲಕಣ್ಣ? ಬದುಕಿದ್ದಾಗ ರಜೆಯ ಒಂದು ಶುಕ್ರವಾರ ಕೂಡ ಬಿಟ್ಟು ಕೊಡ್ಲಿಲ್ಲ ನೀವು. ಕುರ್ಚಿ ಹೊರ್ಲಿಕ್ಕೆ ಗುಣಪಾಲ, ನೀರಿನ ಬಾಕ್ಸ್ ಹೊರ್ಲಿಕ್ಕೆ ಗುಣಪಾಲ, ಈ ಹೂವು ತರ್ಲಿಕ್ಕೆ ಕೂಡ ಗುಣಪಾಲ. ಈಗ ರಜೆಯಾ?”

ಸಮಿತಿಯ ಇಬ್ಬರು ಬಂದು ಅವನ ಮೊಣಕೈ ಹಿಡಿದರು. ಅವನು ಇನ್ನೂ ಏನೇನೋ ಹೇಳುತ್ತಲೇ ಇದ್ದ. ಲಿಫ್ಟಿನ ಬಾಗಿಲು ಮುಚ್ಚುವಾಗ ಕಾರ್ಯದರ್ಶಿ ಶರ್ಮಿಳಾ ಮಾತ್ರ ಹಾರದ ಬುಟ್ಟಿ ಹಿಡಿದು ಅವನ ಕಡೆ ನೋಡಿದಳು, ಆಮೇಲೆ ಬುಟ್ಟಿಯನ್ನು ನೋಡಿದಳು. ಒಳಗೆ ಮೈಕಿನಲ್ಲಿ ತಿಲಕ್, “ಹಲೋ, ಹಲೋ,” ಎನ್ನುತ್ತಿದ್ದ.

ಕೆಳಗೆ ಪಾರ್ಕಿಂಗಿನಲ್ಲಿ ಮಮ್ಮು ತನ್ನ ಬಿಳಿ ಬಸ್ಸಿನ ಗಾಜು ಒರೆಸುತ್ತಿದ್ದ. ಗುಣಪಾಲನಿಗೂ ಅವನಿಗೂ ಇಪ್ಪತ್ತೇಳು ವರ್ಷದ ಪರಿಚಯ. ಒಂದೇ ವರ್ಷ ದುಬೈಗೆ ಬಂದವರು. ಅತಿಥಿಗಳನ್ನು ಇವತ್ತು ಅಬುಧಾಬಿಯ ಮ್ಯೂಸಿಯಮ್ಮಿಗೆ ಕರೆದೊಯ್ಯುವ ಟ್ರಿಪ್ ಅವನದ್ದು. ತಿಲಕನ ಕಂಟ್ರಾಕ್ಟಿಂಗ್ ಕಂಪನಿಯ ಕೆಲಸಗಾರರ ಟ್ರಿಪ್ಪೂ ಅವನದ್ದೇ.

“ಹೇಳುದಿಲ್ಲ ಅಂದ್ರಾ?”

“ಹೇಳುದಿಲ್ಲ ಅಂತೆ. ಊರಿಗೆ ಹೋಗಿದ್ದಾನೆ ಅಂತ ಹೇಳಿದ್ದಾರಂತೆ ಮಮ್ಮು ಕಾಕ. ಅವರು ಬರ್ಲಿ, ನಾನೇ ಮೇಲೆ ಹೋಗಿ ಅವರಿಗೆ…”

“ನೀನು ಎಂತ ಭಾಷೆಯಲ್ಲಿ ಹೇಳುದು? ಅವರಿಗೆ ಇಂಗ್ಲಿಷೇ ಅರ್ಧ. ನಿನಗೆ ಕಾಲು.” ಮಮ್ಮು ಬಟ್ಟೆಯನ್ನು ಹಿಂಡಿ ಕೊಡವಿದ. “ಸುಡುದು ಎಷ್ಟು ಗಂಟೆಗೆ ಅಂದೆ?”

“ಹನ್ನೆರಡಕ್ಕೆ. ಒಂದು ಗಂಟೆಗೆ ಬೇರೆಯವರ ಬಾಡಿ ಉಂಟು.”

“ಜೆಬೆಲ್ ಅಲಿಯ ಸುಡುಗಾಡಿನಲ್ಲಿ.”

“ಹೌದು.”

ಮಮ್ಮು ಗಾಜಿನಲ್ಲಿ ಉಳಿದ ಒಂದು ಕಲೆಯನ್ನು ಉಗುರಿನಿಂದ ಕೆರೆದ. “ಆಯ್ತು. ನೀನು ಹೋಗಿ ಅವನ ಹತ್ರ ಕೂತ್ಕೋ. ಯಲ್ಲಾ, ಹೊರಡು. ಇಲ್ಲಿ ನಿಂತು ಬೊಬ್ಬೆ ಹಾಕ್ಬೇಡ.”

*

ಎರಡು ವರ್ಷದ ಹಿಂದೆ ಇದೇ ಪಾರ್ಕಿಂಗಿನಲ್ಲಿ ಇಬ್ಬರು ಉಳಿದುಬಿಟ್ಟಿದ್ದರು.

ಕರಾವಳಿಯ ಪಡುವಳಿವೆ ಎಂಬ ಊರಿಗೂ ಫ್ರಾನ್ಸಿನ ಪ್ಲುವೆನೆಕ್ ಎಂಬ ಊರಿಗೂ ಅವಳಿ ಊರಿನ ಸಂಬಂಧ. ಎರಡೂ ಮೀನಿನ ಊರುಗಳು. ಸಹಿ ಹಾಕಿದ್ದು ಪುರಸಭೆಗಳು. ಆದರೆ ಪ್ಲುವೆನೆಕ್‌ನವರು ಮಂಗಳೂರಿಗೆ ವಿಮಾನ ಬದಲಿಸುವುದು ದುಬೈಯಲ್ಲಿ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಒಂದು ವಾರಾಂತ್ಯ ಅವರನ್ನು ದುಬೈಯ ಪಡುವಳಿವೆ ಬಳಗ ಉಳಿಸಿಕೊಳ್ಳುವುದು ಎಂದಾಯಿತು. ಹೋಟೆಲಿನಲ್ಲಲ್ಲ, ಮನೆಗಳಲ್ಲಿ. ಅದೇ ನಿಯಮ. ಒಂದೊಂದು ಮನೆಗೆ ಇಬ್ಬಿಬ್ಬರು.

ಆ ಮೊದಲ ಶುಕ್ರವಾರ ಹತ್ತು ಮನೆಯವರು ತಮ್ಮ ತಮ್ಮ ಅತಿಥಿಗಳನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ಹನ್ನೊಂದನೇ ಮನೆಯವರು ಫೋನ್ ಮಾಡಿ, ಮಗುವಿಗೆ ಜ್ವರ ಎಂದರು. ಪಾರ್ಕಿಂಗಿನಲ್ಲಿ ಎರಡು ಸೂಟ್‌ಕೇಸ್, ಅದರ ಪಕ್ಕ ಅರವತ್ತು ದಾಟಿದ ಗಂಡ ಹೆಂಡತಿ. ಗಂಡ ಲೋಯಿಕ್, ಮೀನಿನ ಬಲೆ ನೇಯುತ್ತಿದ್ದವನು. ಹೆಂಡತಿ ಮರಿವೋನ್, ಮೂವತ್ತು ವರ್ಷ ಸೈಕಲ್ಲಿನಲ್ಲಿ ಟಪಾಲು ಹಂಚಿದವಳು. ಸಮಿತಿಯವರೆಲ್ಲ ಫೋನ್ ನೋಡತೊಡಗಿದರು. ಒಬ್ಬನಿಗೆ ಅತ್ತೆ ಬಂದಿದ್ದಾರೆ. ಒಬ್ಬನಿಗೆ ಬಾತ್‌ರೂಮಿನ ಪೈಪ್ ಸರಿ ಇಲ್ಲ. ತಿಲಕನ ವಿಲ್ಲಾದಲ್ಲಿ ಆಗಲೇ ಉಪಮೇಯರ್ ಇದ್ದರು, ಇನ್ನೂ ಮೂರು ಕೋಣೆ ಖಾಲಿ ಇತ್ತು, ಆದರೆ ಉಪಮೇಯರ್ ಜೊತೆ ಬೇರೆಯವರನ್ನು ಇಡುವುದು ಸರಿಯಲ್ಲವಂತೆ.

ನೀರಿನ ಬಾಕ್ಸುಗಳನ್ನು ಹೊತ್ತು ಹಾಕಲು ಬಂದಿದ್ದ ಗುಣಪಾಲ, ಹೊತ್ತ ಬಾಕ್ಸನ್ನು ಇಳಿಸದೆಯೇ ಹೇಳಿದ: “ನಮ್ಮಲ್ಲಿಗೆ ಬರ್ಲಿ.”

ಯಾರೋ ನಕ್ಕರು. “ನಿನ್ನ ರೂಮಿಗಾ?”

“ರೂಮಿನಲ್ಲಿ ಮನುಷ್ಯರೇ ಅಲ್ವಾ ಇರುದು,” ಎಂದ ಗುಣಪಾಲ.

ಅವನ ರೂಮ್ ಎಂದರೆ ಅಲ್ ಕುಸೈಸಿನಲ್ಲಿ ಅಮ್ಮಣ್ಣಿಯ ಫ್ಲಾಟಿನ ಎರಡು ಕೋಣೆಗಳಲ್ಲಿ ಒಂದು. ಅಮ್ಮಣ್ಣಿ ಗಂಡ ತೀರಿದ ಮೇಲೆ ಟಿಫಿನ್ ಮಾಡಿ ಕೊಟ್ಟು ಜೀವನ ಸಾಗಿಸುವವಳು. ಒಂದು ಕೋಣೆಯಲ್ಲಿ ಅವಳು, ಇನ್ನೊಂದರಲ್ಲಿ ಗುಣಪಾಲ ಮತ್ತು ಕೀರ್ತನ್. ಕೀರ್ತನನನ್ನು ಊರಿನಿಂದ ಕರೆಸಿದ್ದು, ಗೋದಾಮಿನಲ್ಲಿ ಕೆಲಸಕ್ಕೆ ಹಚ್ಚಿದ್ದು, ತಾಯಿ ಸತ್ತಾಗ ಟಿಕೆಟ್ ಮಾಡಿ ಕಳಿಸಿದ್ದು ಗುಣಪಾಲ. ಸಂಬಂಧ ಏನೂ ಇಲ್ಲ. ಊರಿನಲ್ಲಿ ಆಚೀಚೆ ಮನೆ. ಗುಣಪಾಲನಿಗೆ ಮದುವೆ ಆಗಿರಲಿಲ್ಲ. ತಂಗಿಯರದ್ದು ಆಗುವಷ್ಟರಲ್ಲಿ ಅವನದ್ದು ಬಾಕಿ ಉಳಿದಿತ್ತು.

ಅವತ್ತು ಕೀರ್ತನನಿಗೆ ಸಿಟ್ಟು ಬಂದಿತ್ತು. “ಎಲ್ಲಿ ಮಲಗ್ಸುದು ಗುಣಣ್ಣ? ನಾವೆಲ್ಲಿ ಮಲಗುದು?”

“ಅಡುಗೆಮನೆ ಉಂಟಲ್ಲ. ತಂಪುಂಟು.”

ಬಾಗಿಲಲ್ಲಿ ಗುಣಪಾಲ ಅವರಿಬ್ಬರನ್ನು ನಿಲ್ಲಿಸಿದ. ಒಳಗೆ ಹೋಗಿ ಸ್ಟೀಲಿನ ಚೆಂಬಿನಲ್ಲಿ ನೀರು ತಂದ. ತಟ್ಟೆಯಲ್ಲಿ ಎರಡು ತುಂಡು ಬೆಲ್ಲ ತಂದ. ಪಡುವಳಿವೆಯಲ್ಲಿ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಬಿಸಿಲಿನಿಂದ ಬಂದವರು ಬೆಲ್ಲ ಕಚ್ಚಬೇಕು, ನೀರು ಕುಡಿಯಬೇಕು, ಆಮೇಲೆ ಮಾತು.

ಲೋಯಿಕ್ ಕಂದು ಬಣ್ಣದ ಆ ತುಂಡನ್ನು ತೆಗೆದುಕೊಂಡ. ಮೂಸಿದ. ಚೆಂಬಿನ ನೀರನ್ನು ನೋಡಿದ. ಅವನಿಗೆ ಎಲ್ಲವೂ ಅರ್ಥವಾದಂತಾಯಿತು. ನೀರನ್ನು ಅಂಗೈಗೆ ಬಗ್ಗಿಸಿಕೊಂಡು, ಬೆಲ್ಲವನ್ನು ಸೋಪಿನಂತೆ ಎರಡೂ ಕೈಗೆ ಚೆನ್ನಾಗಿ ತಿಕ್ಕತೊಡಗಿದ.

ಅಮ್ಮಣ್ಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೀರ್ತನನಿಗೆ ನಗು ತಡೆಯಲಾಗಲಿಲ್ಲ. ಗುಣಪಾಲ ಅವನ ಕಾಲಿನ ಮೇಲೆ ಕಾಲಿಟ್ಟು ಒತ್ತಿದ. ಆಮೇಲೆ ಇನ್ನೊಂದು ತುಂಡು ಬೆಲ್ಲವನ್ನು ತಾನು ತೆಗೆದುಕೊಂಡ. ತನ್ನ ಕೈಗೂ ನೀರು ಬಗ್ಗಿಸಿಕೊಂಡ. ಅತಿಥಿ ಎಷ್ಟು ಹೊತ್ತು ತಿಕ್ಕಿದನೋ ಅಷ್ಟು ಹೊತ್ತು ಅವನೂ ತಿಕ್ಕಿದ, ಮುಖದಲ್ಲಿ ಒಂದು ಗೆರೆ ಅಲ್ಲಾಡದಂತೆ. ಇಬ್ಬರೂ ಕೈ ಕೊಡವಿದರು. ಇಬ್ಬರ ಕೈಯೂ ಅಂಟಂಟು.

ಶನಿವಾರ ಲೋಯಿಕ್ ಅಮ್ಮಣ್ಣಿಯ ಹರಿದ ಸೊಳ್ಳೆಪರದೆಗೆ ಬಲೆಯ ಗಂಟು ಹಾಕಿ ಸರಿ ಮಾಡಿದ. ಮರಿವೋನ್ ಟಿಫಿನ್ ಡಬ್ಬಿಗಳನ್ನು ಎಣಿಸಿ ಚೀಲಕ್ಕೆ ತುಂಬಿ, ನಾಲ್ಕು ಮಹಡಿ ಇಳಿದು ಮನೆಮನೆಗೆ ಹಂಚಿಬಂದಳು. ಅವಳಿಗೆ ವಿಳಾಸ ಓದಿದರೆ ಸಾಕಾಗಿತ್ತು. ಭಾಷೆಯೇ ಇಲ್ಲದೆ ಐದು ಜನ ಎರಡು ದಿನ ಒಂದೇ ಸಮನೆ ಮಾತಾಡಿದರು.

ಭಾನುವಾರದ ಬೀಳ್ಕೊಡುಗೆ ಊಟದಲ್ಲಿ ದುಭಾಷಿ ಮಿನ್ಹಾ, ಅಂದರೆ ಮಮ್ಮುವಿನ ಮಗಳು, ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸುವವಳು, ಬೆಲ್ಲ ಎಂದರೆ ಏನೆಂದು ಲೋಯಿಕ್‌ಗೆ ತಿಳಿಸಿದಳು. ಅವನು ಎದ್ದು ಮೈಕ್ ಕೇಳಿ ತೆಗೆದುಕೊಂಡ. ತಾನು ಬೆಲ್ಲದಿಂದ ಕೈ ತೊಳೆದದ್ದನ್ನು ಹೇಳಿದ. ಇಡೀ ಹಾಲ್ ನಕ್ಕಿತು. ತನಗೆ ನಾಚಿಕೆಯಾಗಬಾರದೆಂದು ಮನೆಯ ಯಜಮಾನನೂ ಬೆಲ್ಲದಿಂದ ಕೈ ತೊಳೆದದ್ದನ್ನು ಹೇಳಿದ, ಯಾರೂ ನಗಲಿಲ್ಲ. ಮುಂದಿನ ತಿಂಗಳು ಪ್ಲುವೆನೆಕ್‌ನ ಪುರಸಭೆಯ ಪತ್ರಿಕೆಯ ಮೊದಲ ಪುಟದಲ್ಲಿ ಗುಣಪಾಲನ ಎರಡು ಅಂಗೈಗಳ ಫೋಟೋ ಬಂತು. ಅಧ್ಯಕ್ಷ ತಿಲಕನ ಫೋಟೋ ಆರನೇ ಪುಟದಲ್ಲಿ ಇತ್ತು, ಗುಂಪಿನಲ್ಲಿ.

ಈ ಸಲ ಅತಿಥಿಗಳನ್ನು ಇಟ್ಟುಕೊಳ್ಳುವವರ ಪಟ್ಟಿಯಲ್ಲಿ ಗುಣಪಾಲನ ಹೆಸರು ಇರಲಿಲ್ಲ. ಇಡೀ ಫ್ಲಾಟ್ ಇದ್ದವರಿಗೆ ಮಾತ್ರ ಅತಿಥಿಗಳು ಎಂದು ಹೊಸ ನಿಯಮ ಬಂದಿತ್ತು. ಲೋಯಿಕ್ ಮತ್ತು ಮರಿವೋನ್ ಅಧ್ಯಕ್ಷರ ವಿಲ್ಲಾಕ್ಕೆ.

*

ಹನ್ನೊಂದೂವರೆಗೆ ಬಸ್ಸು ಅಬುಧಾಬಿಯ ಹೆದ್ದಾರಿಯಲ್ಲಿತ್ತು. ಮುಂದೆ ದಾರಿ ತೋರಿಸುತ್ತ ತಿಲಕನ ಬಿಳಿ ಲ್ಯಾಂಡ್ ಕ್ರೂಸರ್. ಬಸ್ಸಿನೊಳಗೆ ಕೊರಳಲ್ಲಿ ಮಲ್ಲಿಗೆ ಹಾರ ಹಾಕಿಕೊಂಡ ಇಪ್ಪತ್ತೆರಡು ಜನ. ಮುಂದಿನ ಸೀಟಿನಲ್ಲಿ ಪಟ್ಟಿ ಹಿಡಿದ ಶರ್ಮಿಳಾ. ಅವಳ ಪಕ್ಕ ಮಿನ್ಹಾ, ಮೈಕ್ ಹಿಡಿದು, ಎಡಗಡೆ ಕಾಣುವ ಕಟ್ಟಡಗಳ ಹೆಸರು ಹೇಳುತ್ತಿದ್ದಳು. ಗುಣಪಾಲ ಊರಿಗೆ ಹೋಗಿದ್ದಾನೆ ಎಂಬ ಸುಳ್ಳನ್ನು ನಿನ್ನೆ ಏರ್‌ಪೋರ್ಟಿನಲ್ಲಿ ಫ್ರೆಂಚಿಗೆ ತಿರುಗಿಸಿದ್ದು ಅವಳೇ. ತಿಲಕ್ ಪಕ್ಕದಲ್ಲಿ ನಿಂತು ಹೇಳಿಸಿದ್ದ. ಮರಿವೋನ್, “ಅಯ್ಯೋ, ನಮಗಾಗಿ ಕಾಯಲಿಲ್ಲವೇ?” ಎಂದಿದ್ದಳು. ಮಿನ್ಹಾ ಆ ಮಾತನ್ನು ಯಾರಿಗೂ ತಿರುಗಿಸಿ ಹೇಳಿರಲಿಲ್ಲ.

“ಮಿನ್ಹಾ,” ಮಮ್ಮು ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ. “ಜೆಬೆಲ್ ಅಲಿಯ ತಿರುವಿಗೆ ಇನ್ನು ಏಳು ಕಿಲೋಮೀಟರ್ ಉಂಟು.”

“ಗೊತ್ತುಂಟು ಉಪ್ಪ.”

“ನಿನ್ನ ಕೈಯಲ್ಲಿ ಮೈಕ್ ಉಂಟು.”

“ಟ್ರಿಪ್ ಕೈತಪ್ಪಿ ಹೋಗ್ತದೆ ಉಪ್ಪ. ಕಂಪನಿಯದ್ದೂ ಹೋಗ್ತದೆ.”

“ಹೋಗ್ಲಿ. ಬಸ್ಸು ನನ್ನದಲ್ವಾ. ಅದು ಎಲ್ಲಿಗೂ ಹೋಗುದಿಲ್ಲ.”

ಶರ್ಮಿಳಾ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ಕಿಟಕಿಯ ಕಡೆ ಮುಖ ಮಾಡಿ, “ನನಗೆ ಫ್ರೆಂಚ್ ಬರುದಿಲ್ಲ ಮಿನ್ಹಾ. ನೀನು ಎಂತ ಹೇಳಿದ್ರೂ ನನಗೆ ಗೊತ್ತಾಗುದಿಲ್ಲ,” ಎಂದಳು.

ಮಿನ್ಹಾ ಎದ್ದು ಹಿಂದೆ ತಿರುಗಿ ನಿಂತಳು. ಕಟ್ಟಡಗಳ ಹೆಸರು ಹೇಳಿದ ಅದೇ ಸ್ವರದಲ್ಲಿ ಶುರು ಮಾಡಿದಳು. ನಿನ್ನೆ ನಾನು ನಿಮಗೆ ಸುಳ್ಳು ಹೇಳಿದೆ. ಗುಣಪಾಲ ಊರಿಗೆ ಹೋಗಿಲ್ಲ. ಗುರುವಾರ ತೀರಿಕೊಂಡರು. ಇವತ್ತು ಹನ್ನೆರಡು ಗಂಟೆಗೆ ಅವರನ್ನು ಸುಡುತ್ತಾರೆ. ಆ ಜಾಗ ಇದೇ ರಸ್ತೆಯಲ್ಲಿದೆ.

ಮರಿವೋನ್ ಕೊರಳಿನ ಹಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಲೋಯಿಕ್ ಏನೋ ಕೇಳಿದ.

“ಎಂತ ಕೇಳ್ತಾನೆ?” ಎಂದ ಮಮ್ಮು.

“ಇನ್ನೂ ಬೆಂಕಿ ಕೊಟ್ಟಿಲ್ಲ ಅಲ್ವಾ ಅಂತ.”

ಉಪಮೇಯರ್ ಆಗಿದ್ದ ಎತ್ತರದ ಹೆಂಗಸು ಎದ್ದು ನಿಂತಳು. ಅವರ ಪುರಸಭೆಯಲ್ಲಿ ಬೀದಿದೀಪಕ್ಕೂ ಕೈ ಎತ್ತಿಸುವ ಪದ್ಧತಿ. ಸೀಟಿನ ಕಂಬಿ ಹಿಡಿದು ಅವಳು ಒಂದೇ ಸಾಲು ಕೇಳಿದಳು. ಮ್ಯೂಸಿಯಮ್ಮಿಗೆ ಬದಲು ಗುಣಪಾಲರ ಹತ್ತಿರ ಹೋಗಬೇಕು ಎನ್ನುವವರು?

ಮಮ್ಮು ಕನ್ನಡಿಯಲ್ಲಿ ನೋಡಿದ. ಇಪ್ಪತ್ತೆರಡು ಕೈ ಮೇಲಿದ್ದವು. ಅಲ್ಲ, ಇಪ್ಪತ್ತಮೂರು. ಫ್ರೆಂಚ್ ಬಾರದ ಶರ್ಮಿಳಾ ಕೂಡ ಎತ್ತಿದ್ದಳು.

ಲ್ಯಾಂಡ್ ಕ್ರೂಸರ್ ನೇರ ಹೋಯಿತು. ಬಸ್ಸು ಬಲಕ್ಕೆ ತಿರುಗಿತು.

ಎರಡು ನಿಮಿಷಕ್ಕೆ ಶರ್ಮಿಳಾಳ ಫೋನ್ ರಿಂಗಾಯಿತು. ಅವಳು ಅದನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ತಿಲಕ್ ಕೂಗುವುದು ಮಮ್ಮುವಿಗೂ ಕೇಳಿಸುತ್ತಿತ್ತು.

“ತಿಲಕಣ್ಣ, ಅತಿಥಿಗಳು ಕೈ ಎತ್ತಿ ಠರಾವು ಮಾಡಿದ್ದಾರೆ,” ಎಂದಳು ಶರ್ಮಿಳಾ. “ಉಪಮೇಯರ್ ಹೇಳಿದ ಮೇಲೆ ನಾವು ಬೇಡ ಅನ್ಲಿಕ್ಕೆ ಆಗ್ತದಾ? ಪ್ರೊಟೊಕಾಲ್ ಅಲ್ವಾ. ನೀವು ನಿಧಾನಕ್ಕೆ ಬನ್ನಿ. ಯೂ ಟರ್ನ್ ತುಂಬ ಮುಂದೆ ಉಂಟು.”

*

ಸ್ಮಶಾನದ ಚಪ್ಪರದ ಕೆಳಗೆ ಹನ್ನೊಂದು ಜನ ಇದ್ದರು. ಗೋದಾಮಿನ ಆರು ಜನ, ಅದರಲ್ಲಿ ಪೇಶಾವರದ ಒಬ್ಬ ಫೋರ್ಕ್‌ಲಿಫ್ಟ್ ಡ್ರೈವರ್. ಟಿಫಿನ್ ತೆಗೆದುಕೊಳ್ಳುವ ಮೂವರು. ಅಮ್ಮಣ್ಣಿ. ಕೀರ್ತನ್. ಇಪ್ಪತ್ತೇಳು ವರ್ಷಕ್ಕೆ ಹನ್ನೊಂದು.

ಕೀರ್ತನ್ ಸ್ನಾನ ಮಾಡಿ ಬಿಳಿ ಮುಂಡು ಉಟ್ಟಿದ್ದ. ಊರಿನಿಂದ ಗುಣಪಾಲನ ತಂಗಿ ವಿಡಿಯೋ ಕಾಲಿನಲ್ಲಿದ್ದಳು. “ನೀನೇ ಮಾಡು ಮಗ, ಅಣ್ಣನಿಗೆ ನೀನಲ್ಲದೆ ಯಾರುಂಟು,” ಎಂದು ಆಗಲೇ ಎರಡು ಸಲ ಹೇಳಿದ್ದಳು. ಅಮ್ಮಣ್ಣಿ ಚೀಲದಿಂದ ಸ್ಟೀಲಿನ ಚೆಂಬು ತೆಗೆದಳು. ಅದರ ಬಾಯಿಗೆ ಮುಚ್ಚಿದ ತಟ್ಟೆಯಲ್ಲಿ ತುಳಸಿ, ಮತ್ತೆ ಕಾಗದದಲ್ಲಿ ಸುತ್ತಿದ ಏನೋ ಒಂದು.

“ಅದೆಂತದ್ದು ಅಮ್ಮಣ್ಣಕ್ಕ?”

“ಬೆಲ್ಲ. ಬುಧವಾರ ರಾತ್ರಿಯೇ ತುಂಡು ಮಾಡಿ ಬಾಗಿಲ ಹತ್ರ ಇಟ್ಟಿದ್ದ. ಚೆಂಬು ತಿಕ್ಕಿ ಇಟ್ಟಿದ್ದ. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಅವರು ಬರುದಿಲ್ಲ ಮಾರಾಯ ಅಂದೆ. ಬಂದ್ರೆ ಇರ್ಲಿ ಅಂದ.” ಅವಳು ತಟ್ಟೆಯನ್ನು ಸೆರಗಿನಿಂದ ಒರೆಸಿದಳು. “ಹಾಗೇ ಎತ್ತಿಕೊಂಡು ಬಂದೆ. ಅಲ್ಲಿ ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ.”

ಮೇಲ್ವಿಚಾರಕ ಬಂದು ಗಡಿಯಾರ ತೋರಿಸಿದ. ಹನ್ನೆರಡಕ್ಕೆ ಐದು ನಿಮಿಷ. “ಶುರು ಮಾಡಿ. ತಡ ಮಾಡಿದ್ರೆ ಮುಂದಿನವರಿಗೆ ತೊಂದರೆ.”

“ಐದು ನಿಮಿಷ,” ಎಂದ ಕೀರ್ತನ್.

“ಯಾರಾದ್ರೂ ಬರ್ಲಿಕ್ಕುಂಟಾ?”

ಕೀರ್ತನ್ ಗೇಟಿನ ಕಡೆ ನೋಡಿದ. ಇದ್ದಾರೆ ಎನ್ನುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ. ಮಮ್ಮು ಕಾಕ ಗಾಜಿನ ಕಲೆ ಕೆರೆದದ್ದು ಬಿಟ್ಟರೆ ಬೇರೇನೂ ಇಲ್ಲ. ಅವನಿಗೆ ತಿಲಕನ ಮೇಲೆ, ಮುಚ್ಚಿದ ಲಿಫ್ಟಿನ ಮೇಲೆ, ಕೆಲಸ ಮಾಡಿ ಮಾಡಿ ಸತ್ತ ಗುಣಣ್ಣನ ಮೇಲೆಯೂ ಸಿಟ್ಟು ಬಂತು. ಯಾವತ್ತಾದರೂ ಒಂದು ಸಲ ಆಗುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು ಇವನಿಗೆ? ಅವನು ಚೆಂಬನ್ನು ಎತ್ತಿಕೊಂಡ.

ಆಗ ಗೇಟಿನಲ್ಲಿ ಹಾರ್ನ್ ಆಯಿತು. ಸ್ಮಶಾನದಲ್ಲಿ ಯಾರೂ ಹಾರ್ನ್ ಮಾಡುವುದಿಲ್ಲ. ಬಿಳಿ ಬಸ್ಸು ಒಳಗೆ ಬಂತು. ಬಾಗಿಲು ತೆರೆದು ಮೊದಲು ಇಳಿದದ್ದು ಮರಿವೋನ್. ಅರವತ್ತೆಂಟು ವರ್ಷದವಳು ಮೆಟ್ಟಿಲನ್ನು ಹಾರಿಯೇ ಇಳಿದಳು. ಅವಳ ಹಿಂದೆ ಲೋಯಿಕ್. ಅವನ ಹಿಂದೆ ಹೂಬಟ್ಟೆಯ ಅಂಗಿ, ಹ್ಯಾಟು, ಕ್ಯಾಮೆರಾ, ಊರುಗೋಲು. ಬಿಸಿಲಿನಲ್ಲಿ ಕೆಂಪಾದ ಮುಖಗಳು ಒಂದರ ಹಿಂದೆ ಒಂದು ಇಳಿಯುತ್ತಲೇ ಇದ್ದವು. ಎಲ್ಲರ ಕೊರಳಲ್ಲೂ ಸ್ವಾಗತದ ಹಾರ.

ಫೋರ್ಕ್‌ಲಿಫ್ಟಿನ ಪಠಾಣ ಕೀರ್ತನನ ಭುಜ ಮುಟ್ಟಿ ಹಿಂದಿಯಲ್ಲಿ ಕೇಳಿದ: “ಇವರೆಲ್ಲ ಯಾರು ಭಾಯಿ?”

“ನಮ್ಮ ಊರಿನವರು,” ಎಂದ ಕೀರ್ತನ್.

ಮೇಲ್ವಿಚಾರಕ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿದ. “ಒಂದು ಗಂಟೆಯವರು ಇನ್ನೂ ಹೊರಟಿಲ್ಲವಂತೆ. ನೀವು ನಿಧಾನಕ್ಕೆ ಮಾಡಿ.”

ಮರಿವೋನ್ ಗುಣಪಾಲನ ತಲೆಯ ಹತ್ತಿರ ನಿಂತು ಬಹಳ ಹೊತ್ತು ನೋಡಿದಳು. ಕೊರಳಿನ ಹಾರವನ್ನು ತೆಗೆದು ಅವನ ಎದೆಯ ಮೇಲಿಟ್ಟಳು. ಅದನ್ನು ನೋಡಿ ಹಿಂದಿನವನು ತೆಗೆದ. ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಇಪ್ಪತ್ತೇಳು ವರ್ಷ ಬೇರೆಯವರಿಗೆ ಹೂವು ಹೊತ್ತು ತಂದವನ ಮೇಲೆ ಇಪ್ಪತ್ತೆರಡು ಹಾರ ಬಿದ್ದು, ಮುಖವೊಂದು ಬಿಟ್ಟು ಬೇರೇನೂ ಕಾಣದಂತಾಯಿತು. ತಂಗಿಗೆ ಕಾಣಲೆಂದು ಶರ್ಮಿಳಾ ಫೋನನ್ನು ಎತ್ತಿ ಹಿಡಿದಳು. “ಅಣ್ಣನಿಗೆ ಅಷ್ಟು ಜನವಾ?” ಎಂದು ಫೋನಿನೊಳಗಿಂದ ಕೇಳಿಸಿತು. “ಅಷ್ಟೂ ಜನ ಅಣ್ಣನಿಗೆಯಾ?”

ಬಾಯಿಗೆ ನೀರು ಬಿಡುವ ಹೊತ್ತಾಯಿತು. ಕೀರ್ತನ್ ಮೊದಲು ಬಿಟ್ಟ, ತುಳಸಿಯಿಂದ. ಅಮ್ಮಣ್ಣಿ ಬಿಟ್ಟಳು. ಮಮ್ಮು ಚಪ್ಪಲಿ ಕಳಚಿ ಬಂದು, “ಹೋಗು ಮಾರಾಯ, ನಾನು ಹಿಂದಿನಿಂದ ಬರ್ತೇನೆ,” ಎಂದು ಬಿಟ್ಟ. ಲೋಯಿಕ್‌ನ ಸರದಿ ಬಂತು. ಅವನು ಚೆಂಬನ್ನು ಗುರುತು ಹಿಡಿದ. ತಟ್ಟೆಯನ್ನು ನೋಡಿದ. ಕಾಗದ ಬಿಡಿಸಿ ಒಂದು ತುಂಡು ಬೆಲ್ಲ ಎತ್ತಿಕೊಂಡ.

“ಏ, ಏ,” ಎಂದರು ಗೋದಾಮಿನ ಒಬ್ಬರು. “ಸಾವಿಗೆ ಬೆಲ್ಲ ಆಗುದಿಲ್ಲ. ಹೇಳಿ ಅವನಿಗೆ.”

ಮಿನ್ಹಾ ಮುಂದೆ ಬಂದಳು. ಅಮ್ಮಣ್ಣಿ ಅವಳ ಕೈ ಹಿಡಿದು ನಿಲ್ಲಿಸಿದಳು.

“ಬಿಡು. ಕೊಡ್ಲಿ. ಇವ ಈಗ ಎಲ್ಲಿಗೋ ಹೋಗಿ ಮುಟ್ಟುದಲ್ವಾ. ಅಲ್ಲಿ ಬಾಗಿಲಲ್ಲಿ ಕೊಡುವವರು ಯಾರುಂಟು?”

ಲೋಯಿಕ್ ಅಂಗೈಗೆ ನೀರು ಬಗ್ಗಿಸಿಕೊಂಡ. ಬೆಲ್ಲವನ್ನು ಎರಡೂ ಕೈಯ ನಡುವೆ ಇಟ್ಟು ತಿಕ್ಕಿದ, ನಿಧಾನವಾಗಿ, ಬಲೆ ನೇಯ್ದು ಗಂಟುಗಂಟಾದ ಬೆರಳುಗಳಿಂದ, ಸೋಪು ತಿಕ್ಕಿದ ಹಾಗೆಯೇ. ನೀರು ಕಂದು ಬಣ್ಣಕ್ಕೆ ತಿರುಗಿತು. ಜೋಡಿಸಿದ ಕೈಗಳನ್ನು ಅವನು ಗುಣಪಾಲನ ತುಟಿಯ ಮೇಲೆ ಹಿಡಿದ. ಬೆರಳ ಸಂದಿಯಿಂದ ಸಿಹಿನೀರು ಹನಿಹನಿಯಾಗಿ ಒಳಗೆ ಹೋಯಿತು. ಆಮೇಲೆ ಅವನು ಕರಗದೆ ಉಳಿದ ಬೆಲ್ಲದ ಚೂರನ್ನು ಕೀರ್ತನನ ಕೈಯಲ್ಲಿಟ್ಟ.

ಎರಡು ವರ್ಷದ ಹಿಂದೆ ಕಾಲ ಮೇಲೆ ಬಿದ್ದ ಗುಣಣ್ಣನ ಕಾಲಿನ ಭಾರ ಕೀರ್ತನನಿಗೆ ನೆನಪಾಯಿತು. ಅವನು ಅತಿಥಿಯ ಮುಖ ನೋಡಿದ. ಕೈಗೆ ನೀರು ಬಗ್ಗಿಸಿಕೊಂಡ. ಅವನೂ ತಿಕ್ಕಿದ.

ಗುಣಪಾಲನನ್ನು ಮಲಗಿಸಿದ್ದ ಟ್ರಾಲಿ ಕುಲುಮೆಯೊಳಗೆ ಸರಿಯಿತು. ಬಾಗಿಲು ಮುಚ್ಚಿತು. ಇಪ್ಪತ್ತೆರಡು ಜನ ತಮ್ಮ ಊರಿನಲ್ಲಿ ದೋಣಿಯವರು ಸತ್ತರೆ ಹಾಡುವ ಹಾಡನ್ನು ಹಾಡಿದರು. ಹಾಡು ಮೆಲ್ಲಗೆ ಶುರುವಾಗಿ, ಕೊನೆಗೆ ಚಪ್ಪರದ ತಗಡು ನಡುಗುವಷ್ಟು ಜೋರಾಯಿತು. ಮೇಲ್ವಿಚಾರಕ ಕಚೇರಿಯಿಂದ ಹೊರಗೆ ಬಂದು ಕೈಕಟ್ಟಿ ನಿಂತ.

ಹಾಡು ಮುಗಿಯುವ ಹೊತ್ತಿಗೆ ಲ್ಯಾಂಡ್ ಕ್ರೂಸರ್ ಬಂತು. ತಿಲಕ್ ಬೆವರಿದ್ದ. ಮಮ್ಮುವಿನ ಕಡೆಗೆ ನೇರ ಬಂದವನನ್ನು ಉಪಮೇಯರ್ ನಡುವೆಯೇ ತಡೆದಳು. ಅವನ ಎರಡೂ ಕೈ ಹಿಡಿದು ಕಣ್ಣೀರು ಒರೆಸದೆ ಏನೇನೋ ಹೇಳಿದಳು. ಮಿನ್ಹಾ ತಿರುಗಿಸಿದಳು: “ಎರಡು ಊರಿನ ಸಂಬಂಧದಲ್ಲಿ ಇವತ್ತಿನಷ್ಟು ದೊಡ್ಡ ದಿನ ಇಲ್ಲ ಅಂತ ಹೇಳ್ತಾರೆ. ನಮ್ಮನ್ನು ಇಲ್ಲಿಗೆ ಕರ್ಕೊಂಡು ಬಂದದ್ದಕ್ಕೆ ಅಧ್ಯಕ್ಷರಿಗೆ ಥ್ಯಾಂಕ್ಸ್ ಅಂತೆ.”

ತಿಲಕ್ ಮಮ್ಮುವನ್ನು ನೋಡಿದ. ಉಪಮೇಯರನ್ನು ನೋಡಿದ. ಬಾಯಿಗೆ ಬಂದಿದ್ದ ಮಾತನ್ನು ನುಂಗಿ, ಬೇರೆ ಮುಖ ಹಾಕಿಕೊಂಡ.

“ನಮ್ಮ ಗುಣಪಾಲ ಅಲ್ವಾ,” ಎಂದ. ಕಾರಿನಿಂದ ಬ್ಯಾನರ್ ತರಿಸಿದ. ಫೋಟೋಗ್ರಾಫರನನ್ನು ಕರೆದ. ಅತಿಥಿಗಳು ಬಿಸಿಲಿನಿಂದ ಚಪ್ಪರದ ಕೆಳಗೆ ಸರಿದು, ಬೆವರು ಒರೆಸಿಕೊಳ್ಳುತ್ತ ನಿಂತರು. ತಿಲಕ್ ಬ್ಯಾನರಿನ ಒಂದು ತುದಿಯನ್ನು ಶರ್ಮಿಳಾಳ ಕಡೆ ಚಾಚಿದ. ಅವಳು ಫೋನಿನಲ್ಲಿ ಗುಣಪಾಲನ ತಂಗಿಯ ಜೊತೆ ಮಾತಾಡುತ್ತಿದ್ದಳು. ಆಮೇಲೆ ತಿಲಕನ ಕಣ್ಣು ಕೀರ್ತನನ ಮೇಲೆ ಬಿತ್ತು.

“ಕೀರ್ತನ್, ಬಾ ಮಾರಾಯ, ನಡುವಲ್ಲಿ ನಿಲ್ಲು,” ಅವನು ಎಲ್ಲರಿಗೂ ಕೇಳಿಸುವ ಹಾಗೆ ಕರೆದ. “ಬೆಳಿಗ್ಗೆಯದ್ದು ಮನಸ್ಸಿಗೆ ತಗೊಳ್ಬೇಡ. ಟೆನ್ಶನ್ ಅಲ್ವಾ. ಮುಂದಿನ ಸಲ ಸ್ವಾಗತ ಸಮಿತಿಗೆ ನೀನೇ. ಎಂತ ಹೇಳ್ತಿ?”

ಎಲ್ಲರೂ ಕೀರ್ತನನ ಕಡೆ ತಿರುಗಿದರು. ತಿಲಕ್ ಕೈ ಚಾಚಿದ್ದ.

ಕೀರ್ತನ್ ತನ್ನ ಅಂಗೈ ನೋಡಿಕೊಂಡ. ಬೆಲ್ಲ ಒಣಗಿ ಬೆರಳಿಗೆ ಬೆರಳು ಅಂಟುತ್ತಿತ್ತು. ಚೆಂಬಿನೊಳಗೆ ನೋಡಿದ. ಖಾಲಿಯಾಗಿತ್ತು. ಚಪ್ಪರದ ಕೆಳಗೆ ಇಪ್ಪತ್ತೆರಡು ಜನ ನಿಂತಿದ್ದರು, ಅಷ್ಟು ದೂರದಿಂದ ಬಿಸಿಲಿನಲ್ಲಿ ಬಂದವರು, ಇನ್ನೂ ಒಂದು ತೊಟ್ಟು ನೀರು ಕುಡಿಯದವರು. ತಟ್ಟೆಯಲ್ಲಿ ಬೆಲ್ಲ ಉಳಿದಿತ್ತು.

ಅವನು ತಟ್ಟೆಯನ್ನು ಅಮ್ಮಣ್ಣಿಯ ಕೈಗೆ ಕೊಟ್ಟು, ಚಾಚಿದ ಕೈಯನ್ನು ದಾಟಿ, ಬ್ಯಾನರನ್ನು ದಾಟಿ, ಚೆಂಬು ಹಿಡಿದು ಗೋಡೆಯ ಬದಿಯ ವಾಟರ್ ಕೂಲರಿನ ಕಡೆ ನಡೆದ.